ದಂತ ಚಿಕಿತ್ಸಾಲಯದ ನೀರು ಮತ್ತು ಬಾಟಲಿಗಳ ಬಗ್ಗೆ

ಬೆಂಗಳೂರಿನಿಂದ ಚೆನ್ನೈಗೆ ಹೋಗುವ ಹೆದ್ದಾರಿಯಲ್ಲಿ ಕೃಷ್ಣಗಿರಿ ದಾಟಿದ ಮೇಲೆ ವಾಣಿಯಂಬಾಡಿ ಎಂಬ ಊರು ಸಿಗುತ್ತದೆ. ತಮಿಳುನಾಡಿನ ತಿರುಪತ್ತೂರು ಜಿಲ್ಲೆಗೆ ಸೇರಿದ ಈ ಊರು ಚರ್ಮ ಹದ ಮಾಡುವ ಕಾರ್ಖಾನೆಗಳಿಗೆ ಹೆಸರಾದದ್ದು. 2022ರ ಜುಲೈನಿಂದ 2023ರ ಏಪ್ರಿಲ್‌ವರೆಗಿನ ಅವಧಿಯಲ್ಲಿ ಆ ಸುತ್ತಿನಿಂದ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಜ್ವರ, ತಲೆನೋವು, ತೊದಲುವ ಮಾತು, ತಲೆಬುರುಡೆಯಿಂದ ಹೊರಡುವ ನರಗಳ ದೌರ್ಬಲ್ಯ ಮುಂತಾದ ಲಕ್ಷಣಗಳೊಂದಿಗೆ ರೋಗಿಗಳು ಬರತೊಡಗಿದರು. ಒಟ್ಟು 21 ಮಂದಿಯಲ್ಲಿ ಮಿದುಳು ಮತ್ತು ನರಮಂಡಲಕ್ಕೆ ತಗಲಿದ ಮೆಲಿಯಾಯ್ಡೋಸಿಸ್ ಎಂಬ ಬ್ಯಾಕ್ಟೀರಿಯಾ ಸೋಂಕು ಪತ್ತೆಯಾಯಿತು. ಅವರಲ್ಲಿ 10 ಮಂದಿ ವಾಣಿಯಂಬಾಡಿಯ ಒಂದೇ ದಂತ ಚಿಕಿತ್ಸಾಲಯದಲ್ಲಿ ಚಿಕಿತ್ಸೆ ಪಡೆದವರಾಗಿದ್ದರು, ಮತ್ತು ಆ 10 ಮಂದಿಯಲ್ಲಿ 8 ಮಂದಿ ತೀರಿಕೊಂಡರು. ವೈದ್ಯರು ಮತ್ತು ಆರೋಗ್ಯ ಇಲಾಖೆಯವರು ಸೇರಿ ನಡೆಸಿದ ತನಿಖೆಯ ವಿವರಗಳು 2025ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದವು. ಆ 10 ಮಂದಿಗೆ ಸೋಂಕು ಬಂದದ್ದು ಬಾಯಿಯ ಗಾಯವನ್ನು ತೊಳೆಯಲು ಬಳಸುತ್ತಿದ್ದ ಸಲೈನ್ ಬಾಟಲಿಯಿಂದ.

ನಾನು ದಂತವೈದ್ಯೆ. ಈ ವರದಿಯನ್ನು ಓದಿದ ದಿನದಿಂದ ಇದರ ಬಗ್ಗೆ ಕನ್ನಡದಲ್ಲಿ ವಿವರವಾಗಿ ಬರೆಯಬೇಕೆಂಬ ಒತ್ತಾಯ ನನ್ನೊಳಗೆ ಇದ್ದೇ ಇದೆ. ನಮ್ಮ ಕುರ್ಚಿಯಲ್ಲಿ ಕುಳಿತುಕೊಳ್ಳುವ ರೋಗಿಗಳು "ಸೂಜಿ ಹೊಸದು ತಾನೇ ಡಾಕ್ಟ್ರೇ?" ಎಂದು ಕೇಳುವುದುಂಟು, ಮತ್ತು ಅದು ಸರಿಯಾದ ಪ್ರಶ್ನೆ. ಎಚ್‌ಐವಿ ಮತ್ತು ಹೆಪಟೈಟಿಸ್ ಬಗ್ಗೆ ಕಳೆದ ಮೂರು ದಶಕಗಳಲ್ಲಿ ನಡೆದ ಪ್ರಚಾರದ ಫಲವಾಗಿ ರಕ್ತದಿಂದ ಹರಡುವ ವೈರಸ್‌ಗಳ ಭಯ ಜನರಲ್ಲಿಯೂ ವೈದ್ಯರಲ್ಲಿಯೂ ಬೇರೂರಿದೆ. ಸೂಜಿ, ಬ್ಲೇಡು, ಕೈಗವಸುಗಳ ವಿಷಯದಲ್ಲಿ ಬಹುತೇಕ ಕ್ಲಿನಿಕ್‌ಗಳು ಈಗ ಎಚ್ಚರದಿಂದಿವೆ. ಆದರೆ ಬಾಯಿಗೆ ಚಿಮ್ಮುವ ನೀರು ಎಲ್ಲಿಯದು, ಗಾಯ ತೊಳೆಯುವ ಬಾಟಲಿಯನ್ನು ಯಾವಾಗ ತೆರೆದದ್ದು ಎಂದು ಕೇಳುವವರು ಇಲ್ಲವೆನ್ನುವಷ್ಟು ಕಡಿಮೆ. ದಂತ ಚಿಕಿತ್ಸಾಲಯಗಳಲ್ಲಿ ಬ್ಯಾಕ್ಟೀರಿಯಾಗಳಿಂದ ಆದ ದೊಡ್ಡ ಅನಾಹುತಗಳನ್ನು ಒಂದೊಂದಾಗಿ ನೋಡಿದರೆ, ಅವುಗಳಲ್ಲಿ ಹೆಚ್ಚಿನವು ಬಂದಿರುವುದು ನಾವು ಉಪಕರಣವೆಂದೇ ಎಣಿಸದ ಈ ನೀರು, ಬಾಟಲಿ, ವಯಲ್‌ಗಳಿಂದ (ಚುಚ್ಚುಮದ್ದಿನ ಸಣ್ಣ ಸೀಸೆಗಳಿಂದ).

ಮೆಲಿಯಾಯ್ಡೋಸಿಸ್ ನಮಗೆ ಹೊರಗಿನ ಕಾಯಿಲೆಯಲ್ಲ. 1911ರ ಸುಮಾರಿಗೆ ರಂಗೂನಿನಲ್ಲಿ ಆಲ್‌ಫ್ರೆಡ್ ವಿಟ್ಮೋರ್ ಮತ್ತು ಸಿ.ಎಸ್. ಕೃಷ್ಣಸ್ವಾಮಿ ಎಂಬ ಇಬ್ಬರು ಇದನ್ನು ಮೊದಲ ಬಾರಿಗೆ ಗುರುತಿಸಿದರು. ಕಾರಣವಾದ ಬರ್ಖೋಲ್ಡೇರಿಯಾ ಸ್ಯೂಡೋಮಲೈ ಎಂಬ ಬ್ಯಾಕ್ಟೀರಿಯಾ ಒದ್ದೆ ಮಣ್ಣಿನಲ್ಲಿ, ಗದ್ದೆಯ ಕೆಸರಿನಲ್ಲಿ, ನಿಂತ ನೀರಿನಲ್ಲಿ ಬದುಕುತ್ತದೆ. ಉಡುಪಿ ಮತ್ತು ದಕ್ಷಿಣ ಕನ್ನಡದಲ್ಲಿ ಮಳೆಗಾಲ ಬಂತೆಂದರೆ ಇದರ ರೋಗಿಗಳು ಕಾಣಿಸಿಕೊಳ್ಳುತ್ತಾರೆ. ಮಣಿಪಾಲದ ಸೂಕ್ಷ್ಮಾಣು ವಿಜ್ಞಾನಿಗಳು ವರ್ಷಗಳಿಂದ ಇದರ ಮೇಲೆ ಕೆಲಸ ಮಾಡುತ್ತಾ ಬಂದಿದ್ದಾರೆ. ಸಕ್ಕರೆ ಕಾಯಿಲೆ ಇರುವವರಿಗೆ ಇದರ ಅಪಾಯ ಬಹಳ ಹೆಚ್ಚು. ಪೆನಿಸಿಲಿನ್, ಆಂಪಿಸಿಲಿನ್, ಜೆಂಟಾಮೈಸಿನ್ ಮುಂತಾದ ಸಾಮಾನ್ಯ ಔಷಧಗಳಿಗೆ ಇದು ಹುಟ್ಟಿನಿಂದಲೇ ಬಗ್ಗದ ಜೀವಿ. ಸೆಫ್ಟಾಜಿಡೀಮ್ ಅಥವಾ ಮೆರೋಪೆನೆಮ್ ಅನ್ನು ವಾರಗಟ್ಟಲೆ ರಕ್ತನಾಳಕ್ಕೆ ಕೊಟ್ಟು, ಆಮೇಲೆ ತಿಂಗಳುಗಟ್ಟಲೆ ಮಾತ್ರೆ ಮುಂದುವರಿಸಬೇಕಾಗುತ್ತದೆ. ಕ್ಷಯವೆಂದು ತಪ್ಪು ತಿಳಿಯುವುದು ಸಾಮಾನ್ಯ. ಪ್ರಯೋಗಾಲಯದಲ್ಲಿ ಬೆಳೆದು ಬಂದರೂ, ಅನುಭವವಿಲ್ಲದ ಕಣ್ಣಿಗೆ ಅದು ಸ್ಯೂಡೊಮೊನಾಸ್ ಎಂಬ ಬೇರೆ ಬ್ಯಾಕ್ಟೀರಿಯಾ ಆಗಿಯೋ ಹೊರಗಿನಿಂದ ಬಿದ್ದ ಕಲ್ಮಶವಾಗಿಯೋ ಕಾಣುತ್ತದೆ. ವಾಣಿಯಂಬಾಡಿಯ ತಳಿಗೆ ಇನ್ನೊಂದು ಅಪಾಯಕಾರಿ ಗುಣವಿತ್ತು: ಜೀವಕೋಶದಿಂದ ಜೀವಕೋಶಕ್ಕೆ ನುಗ್ಗಲು ನೆರವಾಗುವ ಒಂದು ವಿಶೇಷ ವಂಶವಾಹಿ ಅದರಲ್ಲಿತ್ತು, ಮತ್ತು ಅಂಥ ವಂಶವಾಹಿಯುಳ್ಳ ತಳಿಗಳು ನರಮಂಡಲದ ಸೋಂಕಿಗೆ ಕಾರಣವಾಗುವುದು ಆಸ್ಟ್ರೇಲಿಯಾದಲ್ಲಿ ಮೊದಲೇ ಕಂಡುಬಂದಿತ್ತು. ಹಲ್ಲು, ವಸಡು, ದವಡೆಗಳಿಗೆ ಸಂವೇದನೆ ಕೊಡುವ ನರವು ನೇರವಾಗಿ ಮಿದುಳುಕಾಂಡಕ್ಕೆ ಹೋಗುತ್ತದೆ ಎಂಬುದನ್ನು ನೆನೆದರೆ, ಬಾಯಿಯ ಗಾಯಕ್ಕೆ ಅಂಥ ಜೀವಿಯನ್ನು ಸುರಿಯುವುದರ ಅರ್ಥವೇನೆಂದು ಹೊಳೆಯುತ್ತದೆ.

ಈಗ ಬಾಟಲಿಯ ವಿಷಯ. ಹಲ್ಲು ಕಿತ್ತ ಮೇಲೆ ಅಥವಾ ವಸಡನ್ನು ಬಿಡಿಸಿ ಚಿಕಿತ್ಸೆ ಮಾಡುವಾಗ ಗಾಯವನ್ನು ಸಲೈನ್‌ನಿಂದ ತೊಳೆಯುತ್ತೇವೆ. ಒಬ್ಬ ರೋಗಿಗೆ ಬೇಕಾಗುವುದು ಒಂದೆರಡು ಸಿರಿಂಜ್‌ನಷ್ಟು ಸಲೈನ್ ಮಾತ್ರ. ಆದರೆ ಔಷಧ ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ರಕ್ತನಾಳಕ್ಕೆ ಹನಿಸಲೆಂದು ತಯಾರಾದ 500 ಮಿಲಿಲೀಟರ್ ಬಾಟಲಿ. ಉಳಿದದ್ದನ್ನು ಚೆಲ್ಲಲು ಮನಸ್ಸು ಬರುವುದಿಲ್ಲ. ವಾಣಿಯಂಬಾಡಿಯ ಕ್ಲಿನಿಕ್‌ನಲ್ಲಿ ಪೆರಿಯೋಸ್ಟಿಯಲ್ ಎಲಿವೇಟರ್ ಎಂಬ, ಮೂಳೆಯ ಮೇಲಿನ ಪೊರೆಯನ್ನು ಎಬ್ಬಿಸಲು ಬಳಸುವ ಉಪಕರಣದಿಂದ ಸಲೈನ್ ಬಾಟಲಿಯನ್ನು ತೆರೆದು, ಬಳಸಿದ ಮೇಲೆ ಸಡಿಲವಾಗಿ ಮುಚ್ಚಿಟ್ಟು, ಅದನ್ನೇ ಮುಂದಿನ ರೋಗಿಗಳಿಗೂ ಬಳಸಲಾಗುತ್ತಿತ್ತು ಎಂದು ತನಿಖೆಯಲ್ಲಿ ಕಂಡುಬಂದಿದೆ. ಬಳಕೆಯಲ್ಲಿದ್ದ ಅಂಥ ಬಾಟಲಿಯಲ್ಲಿ ಬ್ಯಾಕ್ಟೀರಿಯಾದ ಗುರುತು ಸಿಕ್ಕಿತು. ಸಲೈನ್‌ನಲ್ಲಿ ಸೂಕ್ಷ್ಮಾಣುಗಳನ್ನು ತಡೆಯುವ ಯಾವ ರಕ್ಷಕ ವಸ್ತುವೂ ಇರುವುದಿಲ್ಲ. ಮುಚ್ಚಳ ತೆರೆದ ಕ್ಷಣಕ್ಕೆ ಅದರ ಶುದ್ಧತೆಯ ಖಾತರಿ ಮುಗಿಯುತ್ತದೆ. ಈ ಬ್ಯಾಕ್ಟೀರಿಯಾಕ್ಕಂತೂ ಆಹಾರವೂ ಹೆಚ್ಚು ಬೇಡ: ಬರಿಯ ಬಟ್ಟಿ ಇಳಿಸಿದ ನೀರಿನಲ್ಲಿ ಅದು 16 ವರ್ಷ ಜೀವಂತವಾಗಿದ್ದುದನ್ನು ಥಾಯ್ಲೆಂಡ್‌ನಲ್ಲಿ ದಾಖಲಿಸಿದ್ದಾರೆ.

ಇಂಥದ್ದು ಸಣ್ಣ ಊರಿನ ಕ್ಲಿನಿಕ್‌ನಲ್ಲಿ ಮಾತ್ರ ಆಗುತ್ತದೆ ಎಂದು ಯಾರಾದರೂ ಭಾವಿಸಿದರೆ ಅದು ತಪ್ಪು. 2013 ಮತ್ತು 2014ರಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಒಂದು ಬಾಯಿ ಶಸ್ತ್ರಚಿಕಿತ್ಸಾಲಯಕ್ಕೆ ಹೋಗಿದ್ದ 15 ಮಂದಿಗೆ ಎಂಟರೋಕಾಕಸ್ ಫೀಕಾಲಿಸ್ ಎಂಬ ಬ್ಯಾಕ್ಟೀರಿಯಾದಿಂದ ಹೃದಯದ ಒಳಪೊರೆಯ ಸೋಂಕು ತಗಲಿತು. 12 ಮಂದಿಗೆ ಹೃದಯದ ಶಸ್ತ್ರಚಿಕಿತ್ಸೆ ಬೇಕಾಯಿತು, ಒಬ್ಬರು ಸತ್ತರು. ತನಿಖೆ ನಡೆಸಿದವರಿಗೆ ಅಲ್ಲಿ ಸಿಕ್ಕ ಲೋಪಗಳು ಅತ್ಯಂತ ಸಾಧಾರಣವಾದವು: ಒಬ್ಬ ರೋಗಿಗೆಂದು ಇರುವ ಔಷಧದ ವಯಲ್ ಅನ್ನು ಹಲವರಿಗೆ ಬಳಸಿದ್ದು, ಶಸ್ತ್ರಚಿಕಿತ್ಸೆಯಲ್ಲಿ ಕ್ರಿಮಿರಹಿತವಲ್ಲದ ನೀರಿನಿಂದ ಗಾಯ ತೊಳೆದದ್ದು. ನಮ್ಮಲ್ಲಿ ಮರಗಟ್ಟಿಸುವ ಲಿಗ್ನೋಕೇನ್ ಔಷಧವು 30 ಮಿಲಿಲೀಟರ್‌ನ, ಹಲವು ಬಾರಿ ಬಳಸಬಹುದಾದ ವಯಲ್‌ನಲ್ಲಿ ಬರುತ್ತದೆ, ಅದನ್ನು ಬಳಸುವುದು ತಪ್ಪಲ್ಲ. ಆದರೆ ಪ್ರತಿ ಸಲ ಹೊಸ ಸೂಜಿ ಮತ್ತು ಹೊಸ ಸಿರಿಂಜ್‌ನಿಂದಲೇ ಅದರೊಳಗೆ ಹೋಗಬೇಕು, ರಬ್ಬರ್ ಮುಚ್ಚಳವನ್ನು ಸ್ಪಿರಿಟ್‌ನಿಂದ ಒರೆಸಬೇಕು, ತೆರೆದ ದಿನಾಂಕವನ್ನು ಬರೆದಿಟ್ಟು 28 ದಿನಗಳೊಳಗೆ ಅದನ್ನು ವಿಲೇವಾರಿ ಮಾಡಬೇಕು. ಔಷಧ ಎಳೆಯಲು ಸುಲಭವಾಗಲೆಂದು ಒಂದು ಸೂಜಿಯನ್ನು ಮುಚ್ಚಳದಲ್ಲಿ ಚುಚ್ಚಿಯೇ ಬಿಡುವ ರೂಢಿ ಕೆಲವೆಡೆ ಇದೆ. ಅದು ಬ್ಯಾಕ್ಟೀರಿಯಾಗಳಿಗೆ ಬಾಗಿಲು ತೆರೆದಿಟ್ಟಂತೆ. ಅದನ್ನು ಇಂದೇ ನಿಲ್ಲಿಸಬೇಕೆಂದು ನನ್ನ ಸಹೋದ್ಯೋಗಿಗಳನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇನ್ನು ಕುರ್ಚಿಗೆ ಜೋಡಿಸಿದ ಕೊಳವೆಗಳು. ಹಲ್ಲು ಕೊರೆಯುವ ಹ್ಯಾಂಡ್‌ಪೀಸ್ ನಿಮಿಷಕ್ಕೆ ಮೂರು ನಾಲ್ಕು ಲಕ್ಷ ಸುತ್ತು ತಿರುಗುತ್ತದೆ. ಆ ಬಿಸಿಗೆ ಹಲ್ಲಿನ ಜೀವ ಸಾಯದಂತೆ ತಣ್ಣೀರು ಸತತವಾಗಿ ಚಿಮ್ಮಬೇಕು. ಆ ನೀರು ಬರುವುದು ಸುಮಾರು ಎರಡು ಮಿಲಿಮೀಟರ್ ಒಳವ್ಯಾಸದ ಉದ್ದನೆಯ ಪ್ಲಾಸ್ಟಿಕ್ ಕೊಳವೆಗಳ ಮೂಲಕ. ಕೊಳವೆ ಇಷ್ಟು ಸಣ್ಣದಾದಾಗ ಒಳಗಿರುವ ಸ್ವಲ್ಪ ನೀರಿಗೆ ತಾಗುವ ಗೋಡೆಯ ಪ್ರಮಾಣ ಬಹಳ ಹೆಚ್ಚುತ್ತದೆ. ಹರಿಯುವಾಗಲೂ ಗೋಡೆಗೆ ಅಂಟಿಕೊಂಡ ನೀರಿನ ಪದರ ಹೆಚ್ಚುಕಡಿಮೆ ನಿಂತೇ ಇರುತ್ತದೆ. ರಾತ್ರಿಯಿಡೀ, ಭಾನುವಾರವಿಡೀ ನೀರು ಅಲ್ಲೇ ನಿಲ್ಲುತ್ತದೆ, ಕೋಣೆಯ ಹದವಾದ ಬಿಸಿಯೂ ಸಿಗುತ್ತದೆ. ಮಳೆಗಾಲದಲ್ಲಿ ಬಾವಿಕಟ್ಟೆಯ ಕಲ್ಲಿನ ಮೇಲೆ ಜಾರುವ ಪಾಚಿ ಕಟ್ಟುವ ಹಾಗೆ ಕೊಳವೆಯ ಒಳಮೈಗೆ ಬ್ಯಾಕ್ಟೀರಿಯಾಗಳ ಲೋಳೆ ಪದರ ಕಟ್ಟುತ್ತದೆ. ಬಯೋಫಿಲ್ಮ್ ಎಂದು ಕರೆಯುವ ಈ ಪದರದೊಳಗೆ ಕುಳಿತ ಜೀವಿಗಳಿಗೆ ಮಾಮೂಲಿ ಪ್ರಮಾಣದ ಕ್ಲೋರಿನ್ ಸುಲಭವಾಗಿ ತಟ್ಟುವುದಿಲ್ಲ. ಅಲ್ಲಿಂದ ಕಿತ್ತುಕೊಂಡು ಬರುವ ತುಣುಕುಗಳು ನೀರಿನೊಂದಿಗೆ ರೋಗಿಯ ಬಾಯಿಗೆ ಬೀಳುತ್ತವೆ. ಹ್ಯಾಂಡ್‌ಪೀಸ್ ನಿಂತ ಗಳಿಗೆಯಲ್ಲಿ ಹಿಮ್ಮುಖ ಸೆಳೆತ ಉಂಟಾದರೆ ರೋಗಿಯ ಜೊಲ್ಲು, ರಕ್ತದ ಅಂಶವೂ ಹಿಂದಕ್ಕೆ ಕೊಳವೆಯೊಳಗೆ ಸೇರಿ, ಮುಂದಿನವರ ಬಾಯಿಗೆ ಹೋಗಬಹುದು.

ಇದು ಹೊಸ ಸಂಶೋಧನೆಯೇನೂ ಅಲ್ಲ. 1963ರಲ್ಲೇ ಬ್ರಿಟನ್ನಿನ ಜಿ.ಸಿ. ಬ್ಲೇಕ್ ಈ ನೀರಿನಲ್ಲಿ ಬ್ಯಾಕ್ಟೀರಿಯಾಗಳು ತುಂಬಿರುವುದನ್ನು ವರದಿ ಮಾಡಿದ್ದರು. ಅಮೆರಿಕದ ರೋಗ ನಿಯಂತ್ರಣ ಕೇಂದ್ರವು 2003ರ ತನ್ನ ಮಾರ್ಗಸೂಚಿಯಲ್ಲಿ, ಶಸ್ತ್ರಚಿಕಿತ್ಸೆಯಲ್ಲದ ಕೆಲಸಗಳಿಗೆ ಬಳಸುವ ನೀರು ಕೂಡ ಕುಡಿಯುವ ನೀರಿನ ಮಟ್ಟದ್ದಾಗಿರಬೇಕು, ಅಂದರೆ ಒಂದು ಮಿಲಿಲೀಟರ್‌ನಲ್ಲಿ ಬೆಳೆಯಬಲ್ಲ ಬ್ಯಾಕ್ಟೀರಿಯಾಗಳು 500ಕ್ಕಿಂತ ಹೆಚ್ಚಿರಬಾರದು ಎಂದು ಹೇಳಿತು. ಹೀಗೆ ಬರೆದಿಟ್ಟ 12 ವರ್ಷಗಳ ಮೇಲೆ, 2015ರಲ್ಲಿ, ಅದೇ ದೇಶದ ಜಾರ್ಜಿಯಾ ರಾಜ್ಯದ ಒಂದು ಮಕ್ಕಳ ದಂತ ಚಿಕಿತ್ಸಾಲಯದ ಕುರ್ಚಿಗಳ ನೀರನ್ನು ಪರೀಕ್ಷಿಸಿದಾಗ ಸರಾಸರಿ ಎಣಿಕೆ 91 ಸಾವಿರ ದಾಟಿತ್ತು. ಅಲ್ಲಿ ಹುಳುಕಾದ ಹಾಲುಹಲ್ಲುಗಳ ತಿರುಳಿನ ಮೇಲ್ಭಾಗವನ್ನು ತೆಗೆಯುವ ಚಿಕಿತ್ಸೆ ಮಾಡಿಸಿಕೊಂಡಿದ್ದ ಮಕ್ಕಳಿಗೆ ಮೈಕೋಬ್ಯಾಕ್ಟೀರಿಯಂ ಅಬ್ಸೆಸಸ್ ಎಂಬ, ಕ್ಷಯದ ಜೀವಿಯ ದಾಯಾದಿಯಾದ ಬ್ಯಾಕ್ಟೀರಿಯಾ ತಗಲಿತ್ತು. ಮರುವರ್ಷ ಕ್ಯಾಲಿಫೋರ್ನಿಯಾದ ಆನಹೈಮ್‌ನಲ್ಲಿ ಅದೇ ಬಗೆಯ ಚಿಕಿತ್ಸೆಯಿಂದ 71 ಮಕ್ಕಳು ಅದೇ ಸೋಂಕಿಗೆ ತುತ್ತಾದರು. ಈ ಸೋಂಕು ನಿಧಾನವಾಗಿ ಬಲಿಯುವುದರಿಂದ ಚಿಕಿತ್ಸೆಯಾದ ವಾರಗಳು, ತಿಂಗಳುಗಳ ಮೇಲೆ ಮುಖ ಊದಿಕೊಂಡು, ಕುತ್ತಿಗೆಯಲ್ಲಿ ಗಂಟು ಕಟ್ಟಿ, ದವಡೆಯ ಮೂಳೆ ಕೊಳೆಯತೊಡಗಿದಾಗಲೇ ಸಂಗತಿ ಗೊತ್ತಾಗುತ್ತದೆ. ಮಕ್ಕಳು ಆಸ್ಪತ್ರೆ ಸೇರಿದರು. ದವಡೆಯ ಭಾಗಗಳನ್ನೂ, ಇನ್ನೂ ಹುಟ್ಟದೆ ಒಳಗಿದ್ದ ಶಾಶ್ವತ ಹಲ್ಲುಗಳನ್ನೂ ಕಳೆದುಕೊಂಡವರಿದ್ದಾರೆ. ಬಿದ್ದುಹೋಗಲಿರುವ ಒಂದು ಹಾಲುಹಲ್ಲನ್ನು ಉಳಿಸಲು ಹೋಗಿ ಆರು ವರ್ಷದ ಮಗುವಿನ ದವಡೆಯನ್ನೇ ಕತ್ತರಿಸಬೇಕಾಗಿ ಬರುವುದಕ್ಕಿಂತ ದೊಡ್ಡ ಅನ್ಯಾಯವನ್ನು ನಮ್ಮ ವೃತ್ತಿಯಲ್ಲಿ ನಾನು ಕಲ್ಪಿಸಿಕೊಳ್ಳಲಾರೆ.

ಇಟಲಿಯ ಫೋರ್ಲಿಯಲ್ಲಿ 2011ರಲ್ಲಿ ನಡೆದದ್ದು ಇನ್ನೊಂದು ಬಗೆಯದು. 82 ವರ್ಷದ ಮಹಿಳೆಯೊಬ್ಬರು ಲೀಜನೆಲ್ಲಾ ಎಂಬ, ನೀರಿನಲ್ಲಿ ಬದುಕುವ ಬ್ಯಾಕ್ಟೀರಿಯಾ ತರುವ ನ್ಯುಮೋನಿಯಾದಿಂದ ಆಸ್ಪತ್ರೆ ಸೇರಿ ಎರಡು ದಿನಗಳಲ್ಲಿ ತೀರಿಕೊಂಡರು. ಆ ಸೋಂಕು ತಗಲಿರಬಹುದಾದ ದಿನಗಳಲ್ಲಿ ಅವರು ಮನೆ ಬಿಟ್ಟು ಹೋದದ್ದು ದಂತವೈದ್ಯರ ಬಳಿಗೆ ಮಾತ್ರ. ಅವರ ಶ್ವಾಸಕೋಶದಿಂದ ತೆಗೆದ ಬ್ಯಾಕ್ಟೀರಿಯಾವೂ ಆ ಕ್ಲಿನಿಕ್ಕಿನ ನೀರಿನ ಕೊಳವೆಯ ಬ್ಯಾಕ್ಟೀರಿಯಾವೂ ವಂಶವಾಹಿಗಳ ಹೋಲಿಕೆಯಲ್ಲಿ ಒಂದೇ ಎಂದು ಸಿದ್ಧವಾಯಿತು. ನೀರು ಗಾಯಕ್ಕೆ ಬೀಳಬೇಕೆಂದೇ ಇಲ್ಲ, ತುಂತುರಾಗಿ ಉಸಿರಿನೊಳಗೆ ಹೋದರೂ ಸಾಕು.

ಹಾಗಾದರೆ ಏನು ಮಾಡಬೇಕು? ಮೊದಲನೆಯದಾಗಿ, ಹಲ್ಲು ಕೀಳುವುದು, ವಸಡು ಕೊಯ್ಯುವುದು, ಬುದ್ಧಿಹಲ್ಲು ತೆಗೆಯುವುದು, ಇಂಪ್ಲಾಂಟ್ ಹಾಕುವುದು ಮುಂತಾಗಿ ಮೂಳೆ ಅಥವಾ ರಕ್ತ ತೆರೆದುಕೊಳ್ಳುವ ಕೆಲಸಗಳಿಗೆ ಕುರ್ಚಿಯ ಕೊಳವೆಯ ನೀರನ್ನು ಬಳಸಲೇಬಾರದು, ಏಕೆಂದರೆ ಆ ಕೊಳವೆಯನ್ನು ಕ್ರಿಮಿರಹಿತಗೊಳಿಸುವ ದಾರಿಯೇ ಇಲ್ಲ. ಅದಕ್ಕೆ ಆ ಹೊತ್ತಿಗೆ ತೆರೆದ ಸಲೈನ್ ಮತ್ತು ಹೊಸ ಸಿರಿಂಜ್ ಬೇಕು. ಉಳಿದದ್ದು ಎಷ್ಟೇ ಇರಲಿ ಚೆಲ್ಲಬೇಕು. 100 ಮಿಲಿಲೀಟರ್‌ನ ಸಣ್ಣ ಬಾಟಲಿಗಳು ಮಾರುಕಟ್ಟೆಯಲ್ಲಿವೆ. ಅವುಗಳ ಬೆಲೆ ಒಂದು ಹಲ್ಲು ಕೀಳುವ ಶುಲ್ಕದ ಎದುರು ಗಣನೆಗೆ ಬರುವಂಥದ್ದಲ್ಲ. ವಾಣಿಯಂಬಾಡಿಯ ಬಳಿಕ ಈ ವಿಷಯದಲ್ಲಿ ಖರ್ಚಿನ ನೆಪ ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ.

ಉಳಿದ ಕೆಲಸಗಳಿಗೆ ಕುರ್ಚಿಯ ಪಕ್ಕದ ಪ್ರತ್ಯೇಕ ನೀರಿನ ಬಾಟಲಿ ಇರುವುದು ಒಳ್ಳೆಯದು. ಓವರ್‌ಹೆಡ್ ಟ್ಯಾಂಕ್‌ನಿಂದ ಬರುವ ಬೋರ್‌ವೆಲ್ ನೀರನ್ನು ನೇರವಾಗಿ ಜೋಡಿಸಿದರೆ ಟ್ಯಾಂಕಿನಲ್ಲಿರುವುದೆಲ್ಲ ಬಾಯಿಗೆ ಬರುತ್ತದೆ. ಆದರೆ ಬಾಟಲಿಗೆ ಶುದ್ಧ ನೀರು ತುಂಬಿದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ತಿಳಿಯುವುದು ದೊಡ್ಡ ತಪ್ಪು ತಿಳಿವಳಿಕೆ. ಎಷ್ಟೇ ಶುದ್ಧವಾದ ಆರ್‌ಓ ನೀರು ಹಾಕಿದರೂ ಲೋಳೆ ಕಟ್ಟಿದ ಕೊಳವೆಯಿಂದ ಹೊರಬರುವುದು ಕೊಳಕು ನೀರೇ. ಆದ್ದರಿಂದ ಯಂತ್ರ ತಯಾರಿಸಿದವರು ಸೂಚಿಸಿದ ಸೋಂಕುನಿವಾರಕವನ್ನು ಅವರು ಹೇಳಿದ ಪ್ರಮಾಣದಲ್ಲಿ, ಅವರು ಹೇಳಿದ ಅವಧಿಗೊಮ್ಮೆ ಕೊಳವೆಯೊಳಗೆ ಹಾಯಿಸಬೇಕು. ಸಂಜೆ ಬಾಟಲಿಯನ್ನು ಖಾಲಿ ಮಾಡಿ ಒಣಗಲು ಬಿಡಬೇಕು. ಪ್ರತಿ ರೋಗಿಯ ನಂತರ 20ರಿಂದ 30 ಸೆಕೆಂಡು ನೀರನ್ನೂ ಗಾಳಿಯನ್ನೂ ಹರಿಯಬಿಡಬೇಕು. ಹೀಗೆ ಹರಿಯಬಿಡುವುದರಿಂದ ಹಿಂದಿನ ರೋಗಿಯಿಂದ ಬಂದದ್ದು ಹೊರಹೋಗುತ್ತದೆಯೇ ಹೊರತು ಗೋಡೆಯ ಲೋಳೆ ಹೋಗುವುದಿಲ್ಲ. ಕೊನೆಯದಾಗಿ, ನೀರನ್ನು ಆಗಾಗ ಪರೀಕ್ಷೆಗೆ ಕಳಿಸಬೇಕು. ಕಣ್ಣಿಗೆ ತಿಳಿಯಾಗಿ ಕಾಣುವ ನೀರಿನಲ್ಲಿಯೂ ಮಿಲಿಲೀಟರ್‌ಗೆ ಲಕ್ಷದಷ್ಟು ಬ್ಯಾಕ್ಟೀರಿಯಾಗಳು ಇರಬಲ್ಲವು, ಆದ್ದರಿಂದ ಎಣಿಕೆಯಿಲ್ಲದೆ ಯಾರೂ ತಮ್ಮ ನೀರು ಸರಿಯಾಗಿದೆ ಎಂದು ಹೇಳುವಂತಿಲ್ಲ. ಹತ್ತಿರದ ವೈದ್ಯಕೀಯ ಕಾಲೇಜಿನ ಸೂಕ್ಷ್ಮಾಣು ವಿಭಾಗವನ್ನೋ ನೀರು ಪರೀಕ್ಷಿಸುವ ಪ್ರಯೋಗಾಲಯವನ್ನೋ ಕೇಳಿದರೆ ಇದು ಆಗದ ಕೆಲಸವಲ್ಲ.

ಉಪಕರಣಗಳ ವಿಷಯ ಬಹಳ ಚರ್ಚೆಯಾಗಿರುವುದರಿಂದ ಇಲ್ಲಿ ಎರಡೇ ಮಾತು. ಕುದಿಯುವ ನೀರಿನಲ್ಲಿ ಅದ್ದುವುದು ಕ್ರಿಮಿರಹಿತಗೊಳಿಸುವ ವಿಧಾನವಲ್ಲ, 100 ಡಿಗ್ರಿಯ ನೀರಿನಲ್ಲಿ ಧನುರ್ವಾಯುವಿನಂಥ ಜೀವಿಗಳ ಬೀಜಕಗಳು ಉಳಿಯುತ್ತವೆ. ಒತ್ತಡದ ಹಬೆಯಲ್ಲಿ 121 ಅಥವಾ 134 ಡಿಗ್ರಿಗೆ ಏರಿಸುವ ಆಟೋಕ್ಲೇವ್ ಬೇಕು. ಹ್ಯಾಂಡ್‌ಪೀಸ್ ಅನ್ನು ಸ್ಪಿರಿಟ್‌ನಿಂದ ಒರೆಸಿ ಮುಂದಿನ ರೋಗಿಗೆ ಹಿಡಿಯುವುದು ಸಲ್ಲದು, ಅದರ ಒಳನಾಳಗಳಲ್ಲಿ ಹಿಂದಿನವರ ಜೊಲ್ಲು ಇರುತ್ತದೆ. ಪ್ರತಿ ರೋಗಿಗೂ ಆಟೋಕ್ಲೇವ್ ಆದ ಹ್ಯಾಂಡ್‌ಪೀಸ್ ಬೇಕು, ಅಂದರೆ ಒಂದು ಕುರ್ಚಿಗೆ ಹಲವು ಹ್ಯಾಂಡ್‌ಪೀಸ್‌ಗಳು ಬೇಕು. ಆಟೋಕ್ಲೇವ್ ನಿಜವಾಗಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ವಾರಕ್ಕೊಮ್ಮೆ ಬೀಜಕ ಪರೀಕ್ಷೆ, ಅಂದರೆ ಬೀಜಕಗಳನ್ನು ಒಳಗಿಟ್ಟು ಅವು ಸಾಯುತ್ತವೆಯೇ ಎಂದು ನೋಡುವ ಪರೀಕ್ಷೆ, ಮಾಡಬೇಕು. ಬಿಸಿಗೆ ಬಣ್ಣ ಬದಲಾಗುವ ಪಟ್ಟಿಯೊಂದೇ ಸಾಲದು.

ಈ ಎಲ್ಲ ಕೆಲಸಗಳನ್ನು ದಿನನಿತ್ಯ ಮಾಡುವವರು ಯಾರು ಎಂಬುದನ್ನೂ ಹೇಳಲೇಬೇಕು. ಬಾಟಲಿ ತೆರೆಯುವವರು, ಕೊಳವೆಗೆ ಔಷಧ ಹಾಯಿಸುವವರು, ಉಪಕರಣ ಉಜ್ಜಿ ತೊಳೆಯುವವರು ನಮ್ಮ ಸಹಾಯಕರು. ಸಣ್ಣ ಊರುಗಳಲ್ಲಿ ಹತ್ತನೆಯ ತರಗತಿಯೋ ಪಿಯುಸಿಯೋ ಮುಗಿಸಿ ಬಂದ ಹೆಣ್ಣುಮಕ್ಕಳು ನೋಡಿ ಕಲಿತು ಈ ಕೆಲಸ ಮಾಡುತ್ತಾರೆ, ಮತ್ತು ಅವರು ಬಹಳ ಚುರುಕಾಗಿ ಕಲಿಯುತ್ತಾರೆ. ಆದರೆ ಏಕೆ ಮಾಡಬೇಕೆಂದು ಯಾರೂ ಹೇಳಿಕೊಡದಿದ್ದರೆ, ಅರ್ಧ ಉಳಿದ ಸಲೈನ್ ಬಾಟಲಿಯನ್ನು ಎತ್ತಿಡುವುದು ಅವರಿಗೆ ಮಿತವ್ಯಯವಾಗಿ, ಒಳ್ಳೆಯ ಗುಣವಾಗಿಯೇ ಕಾಣುತ್ತದೆ. ಕೊಳವೆಯ ನೀರನ್ನು ಪರೀಕ್ಷಿಸಿ ಬಂದ ವರದಿಯನ್ನು ನಮ್ಮ ಕ್ಲಿನಿಕ್‌ನಲ್ಲಿ ಸಹಾಯಕರೊಂದಿಗೆ ಕುಳಿತು ಓದುತ್ತೇನೆ. ಆ ಎಣಿಕೆಯ ಅರ್ಥ ತಿಳಿದ ಮೇಲೆ ಬೆಳಗ್ಗೆ ಕೊಳವೆ ತೊಳೆಯುವ ಕೆಲಸವನ್ನು ಅವರಿಗೆ ನೆನಪಿಸುವ ಅಗತ್ಯ ಬರುವುದಿಲ್ಲ. ಲೋಪವಾದಾಗ ಹೊಣೆ ಮಾತ್ರ ವೈದ್ಯರದೇ. ಸಹಾಯಕಿ ಹಾಗೆ ಮಾಡಿದಳು ಎಂದು ಹೇಳಿ ಜಾರಿಕೊಳ್ಳುವ ಹಕ್ಕು ನಮಗಿಲ್ಲ.

ರೋಗಿಗಳಿಗೆ ಹೇಳಬೇಕಾದ್ದೂ ಇದೆ. ಇದನ್ನು ಓದಿ ಹಲ್ಲಿನ ಚಿಕಿತ್ಸೆಯನ್ನೇ ಮುಂದೂಡಬೇಡಿ. ಹಲ್ಲಿನ ಕೀವು ಕುತ್ತಿಗೆಗೆ ಇಳಿದು ಉಸಿರು ಕಟ್ಟಿ ಆಸ್ಪತ್ರೆ ಸೇರುವವರ ಕಷ್ಟವನ್ನು ಕಂಡಿದ್ದೇನೆ, ಮೇಲಿನ ಘಟನೆಗಳಿಗಿಂತ ಅದು ಎಷ್ಟೋ ಪಾಲು ಸಾಮಾನ್ಯ. ಆದರೆ ಕೇಳಿ. "ಗಾಯ ತೊಳೆಯುವ ಸಲೈನ್ ಈಗ ತೆರೆದದ್ದೇ?", "ಈ ನೀರಿನ ಕೊಳವೆಯನ್ನು ಹೇಗೆ ಶುದ್ಧ ಮಾಡುತ್ತೀರಿ?" ಎಂದು ಕೇಳಿದರೆ ಸರಿಯಾಗಿ ಕೆಲಸ ಮಾಡುವ ಯಾವ ವೈದ್ಯರಿಗೂ ಬೇಸರವಾಗುವುದಿಲ್ಲ. ಸಕ್ಕರೆ ಕಾಯಿಲೆ ಇದ್ದರೆ, ಕ್ಯಾನ್ಸರ್ ಚಿಕಿತ್ಸೆಯಲ್ಲಿದ್ದರೆ, ಹೃದಯದ ಕವಾಟ ಬದಲಾಯಿಸಿಕೊಂಡಿದ್ದರೆ ಚಿಕಿತ್ಸೆಗೆ ಮುಂಚೆಯೇ ಹೇಳಿ. ಹಲ್ಲು ಕಿತ್ತ ಅಥವಾ ಬೇರುನಾಳದ ಚಿಕಿತ್ಸೆಯಾದ ನಂತರದ ದಿನಗಳಲ್ಲಿ ಬಿಡದ ಜ್ವರ, ತಲೆನೋವು, ಮುಖದ ಒಂದು ಪಕ್ಕದ ಸೋಲು, ಮಾತಿನ ತೊದಲು ಕಾಣಿಸಿದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಿ, ಮತ್ತು ಇಂಥ ದಿನ ಇಂಥ ಕಡೆ ಹಲ್ಲಿನ ಚಿಕಿತ್ಸೆ ಆಗಿದೆ ಎಂದು ಕೇಳದಿದ್ದರೂ ಹೇಳಿ. ಮಕ್ಕಳ ವಿಷಯದಲ್ಲಿ ಈ ಎಚ್ಚರ ತಿಂಗಳುಗಳವರೆಗೂ ಇರಲಿ. ಜ್ವರದ ರೋಗಿಗಳನ್ನು ನೋಡುವ ವೈದ್ಯರಲ್ಲಿ ನನ್ನ ಕೋರಿಕೆಯೂ ಇದೇ: ಕೇಸ್ ಶೀಟ್‌ನಲ್ಲಿ ಪ್ರಯಾಣದ ವಿವರ ಬರೆದುಕೊಳ್ಳುವಾಗ ಇತ್ತೀಚೆಗೆ ಹಲ್ಲಿಗೆ ಏನಾದರೂ ಮಾಡಿಸಿದ್ದಾರೆಯೇ ಎಂದೂ ಒಂದು ಸಾಲು ಕೇಳಿ ಬರೆದುಕೊಳ್ಳಿ, ಒಂದೇ ಕ್ಲಿನಿಕ್ಕಿನ ಹೆಸರು ಎರಡನೆಯ ಸಲ ಬಂದರೆ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಅಂದೇ ತಿಳಿಸಿ.